ಇನ್ನೂರು ಸಲ ಅಳೆದ ಒಂದೇ ಚಿಪ್

ಮೂರನೇ ಮಹಡಿಯ ಸಭಾಕೋಣೆಯಲ್ಲಿ ಚಪ್ಪಾಳೆ ಬಿದ್ದಾಗ ನಮ್ಮ ಇಂಜಿನಿಯರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗದೆ ಏನು? ಮಗಳು ಹುಟ್ಟಿದಾಗ ಕೆಲಸ ಬಿಟ್ಟು ಆರು ವರ್ಷ ಮನೆಯಲ್ಲಿದ್ದವಳು ಮೂವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಚಿಪ್ ವಿನ್ಯಾಸದ ಕೆಲಸಕ್ಕೆ ಬಂದಿದ್ದಳು. ಬಂದವಳನ್ನು ಕಂಪನಿಯವರೇನು ಹಾರ ಹಾಕಿ ಬರಮಾಡಿಕೊಂಡಿರಲಿಲ್ಲ. ಆರು ತಿಂಗಳು ಕೆಲಸ ನೋಡುತ್ತೇವೆ, ಸರಿಬಂದರೆ ಕಾಯಂ, ಇಲ್ಲವಾದರೆ ನಮಸ್ಕಾರ ಎಂದು ಮುಖಕ್ಕೆ ಹೇಳಿಯೇ ತೆಗೆದುಕೊಂಡಿದ್ದರು. ಆ ಆರರಲ್ಲಿ ಐದು ತಿಂಗಳು ಮುಗಿದಿದ್ದವು.

ಅವಳನ್ನು ಮತ್ತೆ ಕೆಲಸಕ್ಕೆ ಅಟ್ಟಿದ್ದು ಅವಳ ಅತ್ತೆ. ರೈಲು ಓಡಿಸುವ ಗಂಡ ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ಇವಳು ರಾಗ ಎಳೆದಾಗ, ಅತ್ತೆ ಓದುತ್ತಿದ್ದ ಪೇಪರನ್ನು ಮಡಿಚಿಟ್ಟು, ತಾನೇನು ಸತ್ತು ಹೋಗಿದ್ದೇನಾ ಎಂದು ಕೇಳಿದ್ದರು. ಅಲ್ಲಿಗೆ ಚರ್ಚೆ ಮುಗಿದಿತ್ತು.

ಕಚೇರಿಯಲ್ಲಿ ಅವಳಿಗೆ ಕೊಟ್ಟದ್ದು ಒಂದು ಆಂಪ್ಲಿಫೈಯರ್, ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಚಿಪ್. ಕೂಸುಗಳ ಎದೆಬಡಿತ ನೋಡುವ ಯಂತ್ರಕ್ಕಾಗಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು ಅಂಗೈಗಿಂತ ಸ್ವಲ್ಪ ದೊಡ್ಡದಿರುತ್ತದೆ. ಅದರ ಎದೆಯ ಮೇಲೆ ಎರಡು ಪಟ್ಟಿ ಅಂಟಿಸಿ, ಎರಡು ತಂತಿ ಎಳೆಯುತ್ತಾರೆ. ಮಗುವಿನ ಹೃದಯ ಹೇಳುವ ಮಾತು ವೋಲ್ಟಿನ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ. ಆದರೆ ಕೋಣೆಯಲ್ಲಿರುವ ದೀಪ, ಪಂಪು, ಗೋಡೆಯೊಳಗಿನ ವೈರು ಎಲ್ಲ ಸೇರಿ ಆ ತಂತಿಗಳ ಮೇಲೆ ಅದರ ನೂರುಪಟ್ಟು ಗುಂಯ್‌ಗುಡುತ್ತಿರುತ್ತವೆ. ಪುಣ್ಯಕ್ಕೆ ಆ ಗುಂಯ್ ಎರಡೂ ತಂತಿಗಳ ಮೇಲೆ ಒಂದೇ ಸಮ ಬೀಳುತ್ತದೆ. ಹೃದಯದ ಮಾತು ಮಾತ್ರ ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಎರಡರಲ್ಲೂ ಒಂದೇ ಆಗಿರುವುದನ್ನು ಹೊರಗೆ ತಳ್ಳಬೇಕು, ಬೇರೆಯಾಗಿರುವುದನ್ನು ಒಳಗೆ ಬಿಟ್ಟುಕೊಳ್ಳಬೇಕು. ಎಷ್ಟು ಚೆನ್ನಾಗಿ ಹೊರಗೆ ತಳ್ಳುತ್ತದೆ ಎನ್ನುವುದಕ್ಕೆ ಒಂದು ಲೆಕ್ಕವಿದೆ, ನಿರಾಕರಣೆಯ ಅನುಪಾತ. ಅದನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಆಸ್ಪತ್ರೆಯವರು ತೊಂಬತ್ತು ಕೇಳಿದ್ದರು. ಅದರಲ್ಲಿ ಇಪ್ಪತ್ತು ಕಡಿಮೆಯಾದರೆ ಗುಂಯ್ ಹತ್ತುಪಟ್ಟು ಒಳಗೆ ನುಗ್ಗುತ್ತದೆ. ಆಮೇಲೆ ಮಗುವಿನ ಎದೆ ಬಡಿಯಿತೋ ಗೋಡೆಯ ವೈರು ಬಡಿಯಿತೋ ಹೇಳುವವರು ಯಾರು?

ಇವಳ ಆಂಪ್ಲಿಫೈಯರ್ ಕೊಟ್ಟದ್ದು ನೂರಹದಿನೆಂಟು.

ಕೊಟ್ಟದ್ದು ಎಂದರೆ ಕಂಪ್ಯೂಟರಿನಲ್ಲಿ. ಚಿಪ್ ಇನ್ನೂ ಹುಟ್ಟಿರಲಿಲ್ಲ. ಅದನ್ನು ಮಾಡುವ ಕಾರ್ಖಾನೆಗೆ ನಕ್ಷೆ ಕಳಿಸಿದರೆ ಕೈಗೆ ಬರುವುದು ನಾಲ್ಕು ತಿಂಗಳ ಮೇಲೆ, ಬಂದ ಮೇಲೆ ಬಿಚ್ಚಿ ಹೊಲಿಯಲು ಅದೇನು ಬಟ್ಟೆಯಲ್ಲ. ಅದಕ್ಕೇ ಕಳಿಸುವ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು. ಕಾರ್ಖಾನೆಯಲ್ಲಿ ಯಾವುದೂ ಅಂದುಕೊಂಡಷ್ಟೇ ಬರುವುದಿಲ್ಲವಲ್ಲ. ಹಾಗಾಗಿ ಇನ್ನೂರು ಕಾಲ್ಪನಿಕ ಚಿಪ್‌ಗಳನ್ನು ಮಾಡು, ಒಂದೊಂದರಲ್ಲೂ ಅಷ್ಟಿಷ್ಟು ಏರುಪೇರು ಇಡು, ಎಲ್ಲವನ್ನೂ ಅಳೆದು ಹೇಳು ಎಂದು ಕಂಪ್ಯೂಟರಿಗೆ ಕೆಲಸ ಹಚ್ಚುತ್ತಾರೆ. ಇವಳು ಹಚ್ಚಿದ್ದಳು. ಇನ್ನೂರೂ ನೂರಹದಿನೆಂಟರ ಆಸುಪಾಸಿನಲ್ಲೇ ಕೂತಿದ್ದವು. ಒಂದಾದರೂ ಸಾಲು ತಪ್ಪಿರಲಿಲ್ಲ.

ವಿನ್ಯಾಸ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಬೆನ್ನ ಹಿಂದೆ ಎರಡು ನಿಮಿಷದ ಸಾಹೇಬರು ಎನ್ನುತ್ತಿದ್ದರು. ಎರಡು ನಿಮಿಷ ಬನ್ನಿ ಎಂದು ಕರೆದು ಒಂದೂವರೆ ಗಂಟೆ ಕೂರಿಸುವುದು ಅವರ ಪದ್ಧತಿ. ಆ ಬುಧವಾರ ಅವರೂ ಬೇಗ ಮುಗಿಸಿದರು. ಐದು ಸಹಿಯ ಹಾಳೆ ಕೈಯಿಂದ ಕೈಗೆ ಹೋಯಿತು, ಐದೂ ಸಹಿ ಬಿದ್ದವು, ಮೊದಲನೆಯದು ಸಾಹೇಬರದೇ. ನಕ್ಷೆ ಶುಕ್ರವಾರ ಕಾರ್ಖಾನೆಗೆ. ಬಾಗಿಲ ಹತ್ತಿರ ಸಾಹೇಬರು ಅವಳನ್ನು ನಿಲ್ಲಿಸಿ, ನಿಮ್ಮ ಕಾಯಂ ಕಾಗದ ನನ್ನ ಡ್ರಾಯರಿನಲ್ಲೇ ಇದೆ, ಸೋಮವಾರ ಮೇಲಕ್ಕೆ ಕಳಿಸುತ್ತೇನೆ ಎಂದರು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನೆಟ್ಟಗೆ ತಮ್ಮ ಕುರ್ಚಿಗೆ ಹೋಗುತ್ತಿದ್ದರು. ಇವಳು ಫಲಿತಾಂಶದ ಚಿತ್ರದ ಪ್ರಿಂಟು ಹಿಡಿದುಕೊಂಡು ನೆಲಮಹಡಿಗೆ ಇಳಿದಳು, ಮೀಟರಕ್ಕನಿಗೆ ತೋರಿಸಲು.

ಮೀಟರಕ್ಕ ಎಂದರೆ ಕೆಳಗಿನ ಲ್ಯಾಬಿನಲ್ಲಿ ಚಿಪ್ ಅಳೆಯುವವರು. ಲಿಫ್ಟಿನ ಮೋಟಾರು ಕೋಣೆಗೆ ಅಂಟಿಕೊಂಡ ಕಿಟಕಿಯಿಲ್ಲದ ಲ್ಯಾಬು. ಅಲ್ಲಿ ಇಪ್ಪತ್ತಾರು ವರ್ಷದಿಂದ ಅವರು ಬೆಳಿಗ್ಗೆ ಕೂತರೆ, ಚಿಮಟದಲ್ಲಿ ಒಂದು ಚಿಪ್ ಎತ್ತಿ ಸಾಕೆಟ್ಟಿಗೆ ಕೂರಿಸುವುದು, ಮುಚ್ಚಳ ಒತ್ತುವುದು, ಮೀಟರು ನೋಡುವುದು, ಬರೆದುಕೊಳ್ಳುವುದು, ಎತ್ತಿ ಪಕ್ಕಕ್ಕಿಡುವುದು. ದಿನಕ್ಕೆ ಅರವತ್ತು, ಎಪ್ಪತ್ತು. ಇಂಜಿನಿಯರಿಂಗ್ ಓದಿದವರಲ್ಲ, ಮೇಲಿನ ಸಭೆಗಳಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಮೇಲಿನವರು ಕೆಳಗೆ ಬರುತ್ತಲೂ ಇರಲಿಲ್ಲ, ಫಲಿತಾಂಶ ಕಂಪ್ಯೂಟರಿನಲ್ಲೇ ಹೋಗುತ್ತಿತ್ತಲ್ಲ. ಇವಳು ಮಾತ್ರ ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲಿ ಬಂದು, ಆ ಎರಡು ತಂತಿ ಬಂದು ಸೇರುವ ಚಿಪ್ಪಿನ ಎರಡೂ ಕಾಲಿಗೆ ಒಂದೇ ಸಿಗ್ನಲ್ ಕೊಡುವುದನ್ನು ಇಲ್ಲಿ ಹೇಗೆ ಮಾಡುತ್ತೀರಿ ಅಕ್ಕಾ, ಕಂಪ್ಯೂಟರಿನಲ್ಲೂ ಹಾಗೇ ಮಾಡಬೇಕು ಎಂದು ಕೇಳಿದ್ದಳು. ಅವರು ಅರ್ಧ ದಿನ ಕೂರಿಸಿಕೊಂಡು ತೋರಿಸಿದ್ದರು. ಅವತ್ತಿನಿಂದ ಮಧ್ಯಾಹ್ನದ ಟೀ ಇಬ್ಬರದೂ ಅಲ್ಲೇ.

ಅಕ್ಕ ಕನ್ನಡಕ ಏರಿಸಿಕೊಂಡು ಪ್ರಿಂಟು ನೋಡಿದರು. ಇನ್ನೂರು ಚಿಪ್‌ಗಳ ಫಲಿತಾಂಶ ಒಂದೇ ಒಂದು ದಪ್ಪ ಕಂಬವಾಗಿ ನಿಂತಿತ್ತು. ಇವಳು ಶಹಬ್ಬಾಸ್‌ಗಿರಿ ನಿರೀಕ್ಷಿಸುತ್ತ ನಿಂತಳು. ಅಕ್ಕ ಹಾಳೆಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಹೇಳಿ ಅಕ್ಕಾ ಎಂದು ಇವಳು ಒತ್ತಾಯ ಮಾಡಿದ ಮೇಲೆ ಹೇಳಿದರು.

"ನಂಗೆ ನಿಮ್ಮ ಲೆಕ್ಕ ಗೊತ್ತಿಲ್ಲ ಕಣಮ್ಮ. ಆದ್ರೆ ನೀನು ಇನ್ನೂರು ಚಿಪ್ ಅಳೆದಿಲ್ಲ. ಒಂದೇ ಚಿಪ್ಪನ್ನ ಇನ್ನೂರು ಸಲ ಅಳೆದ ಹಾಗಿದೆ ಇದು."

ಇವಳು ನಕ್ಕಳು. ಅಕ್ಕ ನಗಲಿಲ್ಲ. ಒಂದೇ ಟ್ರೇಯಲ್ಲಿ, ಅಕ್ಕಪಕ್ಕದಲ್ಲಿ ಹುಟ್ಟಿದ ಎರಡು ಚಿಪ್ ತಂದರೂ ಈ ಸಂಖ್ಯೆ ಒಂದೇ ಬಂದದ್ದನ್ನು ತಾವು ಕಂಡೇ ಇಲ್ಲ ಎಂದರು. ಬೇರೆ ಅಳತೆಗಳು ಒಂದೇ ಬರಬಹುದು, ಇದು ಮಾತ್ರ ಎಂದೂ ಹೇಳಿದ ಮಾತು ಕೇಳುವುದಿಲ್ಲವಂತೆ. ತಮ್ಮ ರಿಜಿಸ್ಟರ್ ತೆಗೆದು ತೋರಿಸಿದರು. ಎಂಬತ್ತೆಂಟು, ನೂರಾಒಂದು, ಎಪ್ಪತ್ತೊಂಬತ್ತು, ತೊಂಬತ್ತಾರು. ಪುಟ ತಿರುವಿದರೂ ಅದೇ ಕಥೆ.

ಇಂಜಿನಿಯರಮ್ಮ ಪ್ರಿಂಟು ಎತ್ತಿಕೊಂಡು ಓಡಿದಳು. ಮೆಟ್ಟಿಲು ಹತ್ತಿ ಬಂದು ಕೂತು, ಚಿಪ್‌ಗಳನ್ನು ಓಡಿಸಿ ನೋಡುವ ಸಿಮ್ಯುಲೇಟರಿನ ಆಯ್ಕೆಗಳ ಪಟ್ಟಿ ತೆರೆದಳು. ಏರುಪೇರು ಎರಡು ಬಗೆಯದು. ಕಾರ್ಖಾನೆಯ ಆ ದಿನದ ಹದದಿಂದ ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳೆಲ್ಲ ಒಟ್ಟಿಗೆ ದಪ್ಪಗೋ ತೆಳ್ಳಗೋ ಆಗುವುದು ಒಂದು. ಪಕ್ಕಪಕ್ಕದ ಎರಡು ಟ್ರಾನ್ಸಿಸ್ಟರುಗಳು ತಮ್ಮ ತಮ್ಮಲ್ಲೇ ಕೂದಲೆಳೆಯಷ್ಟು ಬೇರೆಯಾಗುವುದು ಇನ್ನೊಂದು. ಗುಂಯ್ ಒಳಗೆ ನುಗ್ಗುವುದು ಈ ಎರಡನೆಯದರಿಂದ. ಎರಡು ಕಾಲು ಸಮ ಇಲ್ಲದಿದ್ದರೆ ತಾನೇ ಸಮವಾಗಿ ಬಂದದ್ದು ಬೇರೆಯಾಗಿ ಕಾಣುವುದು? ಅವಳ ಪಟ್ಟಿಯಲ್ಲಿ ಮೊದಲನೆಯದಕ್ಕೆ ಮಾತ್ರ ಟಿಕ್ ಇತ್ತು. ಎರಡನೆಯ ಚೌಕ ಖಾಲಿ.

ಆರು ವರ್ಷದ ಹಿಂದೆ ಅವಳು ಬಳಸುತ್ತಿದ್ದ ಸಿಮ್ಯುಲೇಟರು ಎರಡನ್ನೂ ತಾನಾಗಿಯೇ ಸೇರಿಸುತ್ತಿತ್ತು, ಕೇಳುತ್ತಲೂ ಇರಲಿಲ್ಲ. ಈಗಿನದರಲ್ಲಿ ನಾವೇ ಟಿಕ್ ಹಾಕಬೇಕು. ಈಗಷ್ಟೇ ಓದು ಮುಗಿಸಿ ಬಂದ ಯಾರಾದರೂ ಆಗಿದ್ದರೆ ನೋಡಿಕೊಂಡು ಹಾಕುತ್ತಿದ್ದರು, ಏನೂ ಗೊತ್ತಿಲ್ಲದವರಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದರು. ಗೊತ್ತಿದೆ ಎಂದುಕೊಂಡು ಆರು ವರ್ಷ ಹೊರಗಿದ್ದವಳೇ ಮಾಡಬಹುದಾದ ತಪ್ಪು ಅದು. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಟಿಕ್ ಹಾಕಿ ಓಡಿಸಿದಳು. ನಲವತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಎದುರಿನ ಗೋಡೆ ನೋಡುತ್ತ ಕೂತಿದ್ದಳು, ಪಕ್ಕದವರು ಏನೋ ಕೇಳಿದ್ದು ಕಿವಿಗೆ ಬೀಳಲಿಲ್ಲ. ಕಂಬ ಹೋಗಿ ಫಲಿತಾಂಶ ಪರದೆಯ ಉದ್ದಕ್ಕೂ ಚೆಲ್ಲಾಪಿಲ್ಲಿಯಾಯಿತು. ಇನ್ನೂರರಲ್ಲಿ ನೂರನಲವತ್ತೆಂಟು ಚಿಪ್‌ಗಳು ತೊಂಬತ್ತರ ಕೆಳಗೆ. ಎಲ್ಲಕ್ಕಿಂತ ಕೆಟ್ಟದ್ದು ಎಪ್ಪತ್ತೊಂದು. ಅಂದರೆ ನಾಲ್ಕು ಯಂತ್ರ ಮಾಡಿದರೆ ಮೂರರಲ್ಲಿ ಮಗುವಿನ ಎದೆಬಡಿತದ ಮೇಲೆ ಗೋಡೆಯ ಗುಂಯ್ ಕೂತಿರುತ್ತಿತ್ತು.

ಪರದೆ ಆರಿಸಿ ಮತ್ತೆ ಕೆಳಗಿಳಿದಳು. ಅಕ್ಕನ ಎದುರು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು, ಡ್ರಾಯರಿನಲ್ಲಿರುವ ಕಾಗದವನ್ನೂ ಸೇರಿಸಿ. ಸುಮ್ಮನಿದ್ದುಬಿಡುವ ಯೋಚನೆ ಒಂದು ಗಳಿಗೆ ಬಂದು ಹೋಯಿತು ಎಂದೂ ಒಪ್ಪಿಕೊಂಡಳು. ನಾಲ್ಕು ತಿಂಗಳ ತನಕ ಯಾರಿಗೂ ತಿಳಿಯುತ್ತಿರಲಿಲ್ಲ, ಅಷ್ಟರಲ್ಲಿ ಅವಳು ಕಾಯಂ. ಅಕ್ಕ ಬೈಯಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಹೋಗಿ ಹೇಳಿಬಿಡು, ಆದರೆ ತಪ್ಪನ್ನು ನೀನೇ ಹಿಡಿದೆ ಎಂದು ಹೇಳು ಎಂದರು. ತನ್ನ ತಪ್ಪನ್ನು ತಾನೇ ಹಿಡಿದವಳನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಕೆಳಗಿನ ಲ್ಯಾಬಿನವಳು ಹೇಳಿಕೊಟ್ಟಳು ಎಂದರೆ ಇವಳಿಗೇನು ಗೊತ್ತು ಎನ್ನುತ್ತಾರೆ. ತಮ್ಮದೇನು, ಇನ್ನು ಮೂರು ತಿಂಗಳಿಗೆ ರಿಟೈರು, ಹೆಸರು ಬಂದರೂ ಅಷ್ಟೇ ಬರದಿದ್ದರೂ ಅಷ್ಟೇ.

ಆಮೇಲೆ ಒಂದು ಹಳೆಯ ಸಂಗತಿ ಹೇಳಿದರು. ಹತ್ತೊಂಬತ್ತು ವರ್ಷದ ಹಿಂದೆ ಹೀಗೇ ಒಂದು ವಿನ್ಯಾಸದ ಸಂಖ್ಯೆ ನೋಡಿ ಇದು ಬರುವುದಿಲ್ಲ ಎಂದು ಆಗಿನ ಇಂಜಿನಿಯರಿಗೆ ಹೇಳಿದ್ದರಂತೆ. ಆತ ಎಲ್ಲರ ಮುಂದೆ, ನಿಮ್ಮ ಕೆಲಸ ಅಳೆಯೋದು, ಮೂಗು ತೂರಿಸೋದಲ್ಲ ಎಂದನಂತೆ. ಚಿಪ್ ಬಂತು, ಕೈಕೊಟ್ಟಿತು, ಅಳತೆ ಸರಿ ಮಾಡಿಲ್ಲ ಎಂದು ಅಕ್ಕನಿಂದಲೇ ಮೂರು ಸಲ ಅಳೆಸಿದರು. ಅವತ್ತಿನಿಂದ ಬಾಯಿಗೆ ಬೀಗ. ಅಳೆಯುವುದು, ಬರೆಯುವುದು, ಮನೆಗೆ ಹೋಗುವುದು.

ಮತ್ತೆ ನನಗ್ಯಾಕೆ ಹೇಳಿದಿರಿ ಎಂದು ಇವಳು ಕೇಳಿದಳು.

"ನೀನು ಕೇಳಿದೆಯಲ್ಲ," ಎಂದರು ಅಕ್ಕ.

ಸಾಹೇಬರ ಕೋಣೆಯಲ್ಲಿ ಅವಳು ಕೂರದೆ ನಿಂತೇ ಹೇಳಿದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುವ ಅಭ್ಯಾಸ ಅವಳಿಗಿರಲಿಲ್ಲ, ಬಿಡಿ. ಖಾಲಿ ಚೌಕ, ನೂರನಲವತ್ತೆಂಟು, ಎಪ್ಪತ್ತೊಂದು, ಎಲ್ಲ ಒಂದೇ ಉಸಿರಿಗೆ ಬಂತು. ಸಾಹೇಬರ ಮುಖ ಮೊದಲು ಕೆಂಪಗಾಯಿತು, ಆಮೇಲೆ ಬಿಳಿಚಿಕೊಂಡಿತು. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಕೊನೆಗೆ, ಸಭೆ ಮುಗಿದು ಎರಡು ಗಂಟೆಯೊಳಗೆ ನೀವೇ ಹಿಡಿದಿರಲ್ಲ, ಅದು ದೊಡ್ಡದು, ತನ್ನ ಕೆಲಸವನ್ನು ತಾನೇ ಅನುಮಾನದಿಂದ ನೋಡುವವರು ಸಿಗುವುದಿಲ್ಲ, ಹಾಗೇ ಬರೆದು ಕಾಗದ ಕಳಿಸುತ್ತೇನೆ ಎಂದರು.

ನೋಡಿ, ಆ ಗಳಿಗೆಯಲ್ಲಿ ಅವಳು ಮಾಡಬೇಕಾದ್ದು ಏನೂ ಇರಲಿಲ್ಲ. ಸುಮ್ಮನೆ ತಲೆ ಬಗ್ಗಿಸಿದ್ದರೆ ಸಾಕಿತ್ತು. ಸುಳ್ಳು ಕೂಡ ಹೇಳಬೇಕಿರಲಿಲ್ಲ. ಅಕ್ಕನೇ ಒಪ್ಪಿಗೆ ಕೊಟ್ಟು ಕಳಿಸಿದ್ದರು. ಆದರೆ ಇನ್ನೊಬ್ಬರ ಇಪ್ಪತ್ತಾರು ವರ್ಷದ ಕಣ್ಣನ್ನು ತನ್ನದೆಂದು ಹೇಳಿಕೊಳ್ಳಲು ಅವಳಿಗೇ ಆಗಲಿಲ್ಲ.

"ಇಲ್ಲ ಸರ್. ನಾನು ಹಿಡಿದದ್ದಲ್ಲ. ಕೆಳಗೆ ಲ್ಯಾಬಲ್ಲಿ ಅಕ್ಕ ಇದಾರಲ್ಲ, ಅವರು ಹಿಡಿದದ್ದು. ಅವರು ಹೇಳದೆ ಇದ್ದಿದ್ರೆ ಶುಕ್ರವಾರ ಕಳಿಸೇಬಿಡ್ತಿದ್ದೆ."

ಸಾಹೇಬರು ಪೆನ್ನು ಕೆಳಗಿಟ್ಟರು. ಯಾವ ಅಕ್ಕ ಎಂದು ಕೇಳಿದರು. ಹನ್ನೊಂದು ವರ್ಷದಿಂದ ಅದೇ ಕಟ್ಟಡದಲ್ಲಿದ್ದವರು ಕೇಳಿದ ಪ್ರಶ್ನೆ ಇದು! ಇವಳು ಲಿಫ್ಟಿನ ಕೋಣೆಯ ಪಕ್ಕದ ಬಾಗಿಲಿನ ಗುರುತು ಹೇಳಿದಳು. ಅವರು ಸಹಿ ಹಾಕಿದ ಹಾಳೆಯನ್ನು ಎಳೆದುಕೊಂಡು ಐದೂ ಹೆಸರು ಓದಿದರು, ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಆಮೇಲೆ ಕಾರ್ಖಾನೆಗೆ ಫೋನು ಮಾಡಿ ಮುಂದಿನ ಸರದಿ ಕೇಳಿದರು. ಮೂರು ವಾರ. ಕಾಯಂ ಕಾಗದದ ಮಾತು ಬಂದಾಗ ಅವರು ಮುಚ್ಚುಮರೆ ಮಾಡಲಿಲ್ಲ. ಈಗ ಅದನ್ನು ಕಳಿಸಿದರೆ ಮೇಲಿನವರು ಒಪ್ಪುವುದಿಲ್ಲ, ಇನ್ನೂ ಆರು ತಿಂಗಳು ನೋಡೋಣ ಎಂದು ಬರೆಯುತ್ತೇನೆ, ನನ್ನ ಕೈಯಲ್ಲಾಗುವುದು ಇಷ್ಟೇ ಎಂದರು. ನಮಸ್ಕಾರ ಎನ್ನಲಿಲ್ಲವಲ್ಲ, ಅವಳಿಗೆ ಅಷ್ಟೇ ಸಾಕಾಗಿತ್ತು. ಹೊರಗೆ ಬಂದಾಗ ಮನಸ್ಸು ಹಗುರವಾಗಿತ್ತು.

ಸಂಜೆ ಮನೆಯಲ್ಲಿ ಅತ್ತೆ ಮೊಮ್ಮಗಳ ಜಡೆ ಹೆಣೆಯುತ್ತ ಎಲ್ಲ ಕೇಳಿಸಿಕೊಂಡರು. ಡೆಸಿಬೆಲ್ಲಿನ ವಿಷಯ ಬಂದಾಗ ಅದನ್ನೆಲ್ಲ ಬಿಟ್ಟು ಮುಂದಕ್ಕೆ ಹೇಳು ಎಂದರು. ಇನ್ನೂ ಆರು ತಿಂಗಳು ಎಂದದ್ದಕ್ಕೆ, ಜಡೆ ಬಿಡದೆ, ಮಾಡು, ನಂಗೇನು ಇಲ್ಲಿ ಬೇರೆ ಕೆಲಸ ಇದೆಯಾ ಎಂದರು. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು.

"ಆ ಅಕ್ಕನ ಹೆಸರು ಹೇಳದೆ ಮನೆಗೆ ಬಂದಿದ್ರೆ, ನಾನೇ ನಿನ್ನ ಕೆಲಸ ಬಿಡಿಸ್ತಿದ್ದೆ."

ಇವಳು ಸೀದಾ ಒಳಗೆ ಹೋಗಿ ಮುಖ ತೊಳೆದುಕೊಂಡಳು. ಇಂಥ ಅತ್ತೆ ಸಿಕ್ಕಿದ್ದಕ್ಕೆ ಯಾರಿಗೆ ಕೈಮುಗಿಯಬೇಕೋ ಅವಳಿಗೆ ಗೊತ್ತಾಗಲಿಲ್ಲ.

ಮೂರು ವಾರ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದಳು. ಎರಡೂ ಕಾಲಿನ ಕಡೆಯ ಟ್ರಾನ್ಸಿಸ್ಟರುಗಳನ್ನು ನಾಲ್ಕುಪಟ್ಟು ದೊಡ್ಡದು ಮಾಡಿದಳು, ದೊಡ್ಡದಾದಷ್ಟೂ ಅವುಗಳ ನಡುವಿನ ವ್ಯತ್ಯಾಸ ಕಡಿಮೆ. ಅವೆರಡಕ್ಕೂ ಕರೆಂಟು ಹಂಚುವ ಟ್ರಾನ್ಸಿಸ್ಟರಿನ ಮೇಲೆ ಇನ್ನೊಂದನ್ನು ಕೂರಿಸಿದಳು, ಗುಂಯ್ ಎಷ್ಟೇ ಕುಣಿದರೂ ಕರೆಂಟು ಅಲುಗಾಡದಿರಲಿ ಎಂದು. ಜಾಗ ಸಾಲಲಿಲ್ಲ, ನಕ್ಷೆ ಬರೆಯುವವರ ಹತ್ತಿರ ಕಾಡಿಬೇಡಿ ಒಂದು ಮೂಲೆ ಗಿಟ್ಟಿಸಿದಳು. ಪ್ರತಿ ಬದಲಾವಣೆಗೂ ಎರಡೂ ಚೌಕಕ್ಕೆ ಟಿಕ್ ಹಾಕಿದ್ದೇನೆಯೇ ಎಂದು ಮೂರು ಮೂರು ಸಲ ನೋಡಿ ಓಡಿಸಿದಳು.

ಮರುಸಭೆಯ ದಿನ ಎರಡು ನಿಮಿಷದ ಸಾಹೇಬರು ಯಾರನ್ನೂ ಕಳಿಸದೆ ತಾವೇ ಮೂರು ಮಹಡಿ ಇಳಿದು ಹೋದರು. ಮೀಟರಕ್ಕ ಲ್ಯಾಬಿನ ನೀಲಿ ಕೋಟಿನಲ್ಲೇ ಮೇಲೆ ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಲು ಹೋದವರನ್ನು ಸಾಹೇಬರು ಪರದೆಯ ಎದುರಿಗೆ ಕೂರಿಸಿದರು. ಇಂಜಿನಿಯರಮ್ಮ ಒಟ್ಟು ಫಲಿತಾಂಶದ ಚಿತ್ರ ತೋರಿಸಿದಳು. ಅದು ಅಂದದ ಚಿತ್ರವಲ್ಲ, ಉದ್ದಕ್ಕೂ ಹರಡಿಕೊಂಡಿತ್ತು. ಆದರೆ ಯಾವುದೂ ತೊಂಬತ್ತಕ್ಕಿಂತ ಕೆಳಗಿಳಿದಿರಲಿಲ್ಲ. ಸಹಿಯ ಹಾಳೆ ಮೇಜಿಗೆ ಬಂತು. ಒಬ್ಬರು ಪೆನ್ನು ತೆಗೆದರು.

"ಹೀಗೆ ಒಟ್ಟಿಗೆ ಬೇಡ," ಎಂದರು ಅಕ್ಕ, ಮೆಲ್ಲಗೆ. "ನಾನು ಒಂದೊಂದೇ ನೋಡೋಳು. ಒಂದೊಂದೇ ತೋರ್ಸು."

ಮೇಜಿನ ಸುತ್ತ ಕೂತವರು ಮುಖ ಮುಖ ನೋಡಿಕೊಂಡರು. ಸಾಹೇಬರು ತೋರಿಸಿ ಎಂದರು. ಇಂಜಿನಿಯರಮ್ಮ ಒಂದನೆಯದರಿಂದ ಶುರು ಮಾಡಿದಳು. ಅಕ್ಕ ಮೈಯೆಲ್ಲ ಕಣ್ಣಾಗಿ ಕೂತರು. ಪ್ರತಿಯೊಂದನ್ನೂ ಸಾಕೆಟ್ಟಿಗೆ ಇಟ್ಟು ಅಳೆದಷ್ಟೇ ಹೊತ್ತು ನೋಡಿ, ಹೂಂ ಎನ್ನುವರು, ಇವಳು ಮುಂದಿನದಕ್ಕೆ ಹೋಗುವಳು. ಹತ್ತಾಯಿತು, ಐವತ್ತಾಯಿತು. ಯಾರೋ ಕೆಮ್ಮಿದರು. ಯಾರೂ ಎದ್ದು ಹೋಗಲಿಲ್ಲ. ನೂರಾ ಅರವತ್ತಮೂರನೆಯದರಲ್ಲಿ ಅಕ್ಕ ಕೈ ಎತ್ತಿ ನಿಲ್ಲಿಸಿದರು. ತೊಂಬತ್ತಮೂರು, ಇನ್ನೂರರಲ್ಲಿ ಎಲ್ಲಕ್ಕಿಂತ ಕಡಿಮೆ. ಇದಕ್ಕೇನಾಗಿದೆ ಎಂದು ಕೇಳಿದರು. ಇದರಲ್ಲಿ ಎಡಗಾಲು ಬಲಗಾಲಿಗಿಂತ ಸ್ವಲ್ಪ ಬೇಗ ಎಚ್ಚರವಾಗುತ್ತದೆ ಎಂದು ಇವಳು ವಿವರಿಸಿದಳು. ಅಕ್ಕ ತಲೆಯಾಡಿಸಿ, ಇಂಥದು ಬರ್ತದೆ, ಇಂಥದನ್ನ ನಾನು ನೋಡಿದೀನಿ ಎಂದರು. ಮುಂದಕ್ಕೆ ಹೋದರು.

ಒಂದು ಗಂಟೆಯ ಮೇಲಾಗಿತ್ತು. ಇನ್ನೂರನೆಯದು ಮುಗಿದಾಗ ಅಕ್ಕ ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು, ಇವು ಇನ್ನೂರು ಚಿಪ್, ಸರಿಯಾಗಿದೆ ಎಂದರು. ಐದು ಸಹಿ ಬಿದ್ದವು. ಸಾಹೇಬರು ಸ್ಕೇಲು ತರಿಸಿ ಅವುಗಳ ಕೆಳಗೆ ಕೈಯಿಂದಲೇ ಇನ್ನೊಂದು ಗೆರೆ ಎಳೆದು ಹಾಳೆಯನ್ನು ಅಕ್ಕನ ಕಡೆ ಸರಿಸಿದರು. ಅಕ್ಕ ಹಾಳೆಯನ್ನು ಮೇಲಿಂದ ಕೆಳಗಿನ ತನಕ ಓದಿ, ಆಮೇಲೆ ಸಹಿ ಹಾಕಿದರು.

ಇಂಜಿನಿಯರಮ್ಮ ಅವರ ಜೊತೆಗೇ ಮೆಟ್ಟಿಲಿಳಿದಳು. ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಮೂರು ವಾರದಿಂದ ಹೇಳಬೇಕೆಂದುಕೊಂಡಿದ್ದ ಮಾತು. ನೀವು ನನ್ನ ಕೆಲಸ ಉಳಿಸಿದಿರಿ, ಯಾರದೋ ಮಕ್ಕಳನ್ನು ಉಳಿಸಿದಿರಿ, ನಿಮ್ಮ ಋಣ ನಾನು ಹೇಗೆ ತೀರಿಸಲಿ ಎಂದಳು. ಅಕ್ಕನ ಕಣ್ಣು ತುಂಬಿ ಬಂದಿತ್ತು.

"ನೀನ್ಯಾಕೆ ಹೇಳ್ತೀಯೇ ಹುಡುಗಿ, ಹೇಳ್ಬೇಕಾದೋಳು ನಾನು," ಎಂದರು. "ಇಪ್ಪತ್ತಾರು ವರ್ಷ ಅಳೆದೆ. ಎಲ್ಲ ಆಗಿ ಹೋದ ಮೇಲೆ ನನ್ನ ಕೈಗೆ ಬರ್ತಿತ್ತು. ನನ್ನ ಮಾತಿಗೆ ಒಂದು ಚಿಪ್ ನಿಂತಿದ್ದು ಇದೇ ಮೊದಲು."

ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ನಾಲ್ಕು ಮೆಟ್ಟಿಲು ಇಳಿದವರು ಮತ್ತೆ ನಿಂತರು. ತಿರುಗದೆ, ಕೈಕಂಬಿ ಹಿಡಿದುಕೊಂಡೇ ಹೇಳಿದರು.

"ಇದು ಬರೋ ಹೊತ್ತಿಗೆ ನಾನು ರಿಟೈರಾಗಿರ್ತೀನಿ. ಬಂದ ದಿನ ಫೋನ್ ಮಾಡು. ಮೊದಲನೇ ಚಿಪ್ಪನ್ನ ನಾನೇ ಬಂದು ಅಳೀತೀನಿ."